ಉಪ್ಪುನೀರಿನ ಉಪ್ಪು ಎಷ್ಟು, ಹುಳಿ ಎಷ್ಟು?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಡೆ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಮಾತೇನಲ್ಲ. ಮಾವಿನಕಾಯಿ ಉಪ್ಪುನೀರಿಗೆ ಬೀಳುವುದೂ ಅದೇ ಬಿಸಿಲಿನಲ್ಲಿ. ನೆಲ್ಲಿ, ನಿಂಬೆ, ಹಸಿಮೆಣಸಿನಕಾಯಿಗಳ ಸರದಿ ಬೇರೆ ತಿಂಗಳುಗಳಲ್ಲಿ ಬರುತ್ತದೆ. ಮನೆಯ ಹಿರಿಯರು ಉಪ್ಪನ್ನು ಹಿಡಿಯ ಲೆಕ್ಕದಲ್ಲಿ ಹಾಕುತ್ತಿದ್ದರು. ಆ ಹಿಡಿ ಧಾರಾಳವಾಗಿದ್ದುದರಿಂದ ಜಾಡಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಈಗ ರಕ್ತದೊತ್ತಡಕ್ಕೆ ಅಂಜಿ ಅನೇಕರು ಉಪ್ಪನ್ನು ತಗ್ಗಿಸಿದ್ದಾರೆ. ಮನೆಗೆಂದು ಹಾಕುತ್ತಿದ್ದ ಉಪ್ಪಿನಕಾಯಿಯನ್ನು ಮಹಿಳೆಯರ ಸ್ವಸಹಾಯ ಸಂಘಗಳು ಮಾರಾಟಕ್ಕೂ ಹಾಕುತ್ತಿವೆ. ಒಂದು ಜಾಡಿ ಕೆಟ್ಟರೆ ಒಂದು ಮನೆಗೆ ನಷ್ಟ. ನೂರು ಬಾಟಲಿ ಕೆಟ್ಟರೆ ಸಂಘದ ಹೆಸರಿಗೇ ನಷ್ಟ. ಆದುದರಿಂದ ಅಳತೆ ಬೇಕಾಗಿದೆ.

ಉಪ್ಪು ಮತ್ತು ಹುಳಿ ಜಾಡಿಯ ಇಬ್ಬರು ಕಾವಲುಗಾರರು. ಬೊಟುಲಿನಮ್ ಎಂಬ ಸೂಕ್ಷ್ಮಾಣು ಗಾಳಿಯಿಲ್ಲದ ಕಡೆ ಬೆಳೆದು ಪ್ರಾಣಕ್ಕೆ ಕುತ್ತು ತರುವ ವಿಷವನ್ನು ಉಂಟುಮಾಡುತ್ತದೆ. ಅದು ಬೆರೆತಿರುವುದು ನಾಲಗೆಗೆ ತಿಳಿಯುವಂತಿಲ್ಲ. ಉಪ್ಪು ನೀರಿನ ಶೇಕಡ 10 ಮುಟ್ಟಿದರೆ, ಇಲ್ಲವೇ ಹುಳಿ ಸಾಕಷ್ಟಿದ್ದರೆ, ಅದು ಬೆಳೆಯಲಾರದು. ಒಬ್ಬ ಕಾವಲುಗಾರನನ್ನು ಮನೆಗೆ ಕಳಿಸಿದವರು ಇನ್ನೊಬ್ಬನು ಎಚ್ಚರವಾಗಿದ್ದಾನೆಯೇ ಎಂದು ನೋಡಿಕೊಳ್ಳಲೇಬೇಕು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರು ಉಪ್ಪುನೀರಿನಲ್ಲಿಡುವ ಆಲಿವ್ ಕಾಯಿಗೂ, ನಮ್ಮ ರಾಜ್ಯದಿಂದ ಪೀಪಾಯಿಗಳಲ್ಲಿ ಹೊರದೇಶಕ್ಕೆ ಹೋಗುವ ಮಿಡಿಸೌತೆಗೂ ಇದೇ ನಿಯಮ.

ಮೊದಲು ಉಪ್ಪನ್ನು ನೋಡೋಣ. ಶೇಕಡ 10ರ ಉಪ್ಪುನೀರೆಂದರೆ 900 ಗ್ರಾಂ ನೀರಿಗೆ 100 ಗ್ರಾಂ ಉಪ್ಪು. ಲೀಟರು ನೀರಿಗೆ 100 ಗ್ರಾಂ ಹಾಕಿದರೆ ಅದು ಸುಮಾರು 9 ಮಾತ್ರ ಆಗುತ್ತದೆ. ಹೊಸ ಕೋಳಿಮೊಟ್ಟೆ ತೇಲಿದರೆ ಉಪ್ಪು ಸಾಕು ಎಂಬ ಹಳೆಯ ಪರೀಕ್ಷೆ ಸುಳ್ಳಲ್ಲ. ಆದರೆ ಮೊಟ್ಟೆ ಹಳೆಯದಾದಷ್ಟೂ ಅದರೊಳಗೆ ಗಾಳಿ ಹೆಚ್ಚಿ, ಕಡಿಮೆ ಉಪ್ಪಿನಲ್ಲಿಯೇ ತೇಲಿಬಿಡುತ್ತದೆ. ಆಲೂಗಡ್ಡೆಯೂ ಒಂದೊಂದು ಒಂದೊಂದು ತೂಕ.

ಇದಕ್ಕಿಂತ ನಂಬಬಹುದಾದ ಉಪಕರಣವನ್ನು ತಾವೇ ಮಾಡಿಕೊಳ್ಳಬಹುದು. ಖಾಲಿಯಾದ ಬಾಲ್‌ಪೆನ್ನಿನ ಕೊಳವೆಯ ಕೆಳಬಾಯಿಯನ್ನೂ ಪಕ್ಕದ ಸಣ್ಣ ರಂಧ್ರವನ್ನೂ ಮೇಣದಿಂದ ಮುಚ್ಚಿರಿ. ಸೈಕಲ್ ರಿಪೇರಿ ಅಂಗಡಿಯ ಸಣ್ಣ ಉಕ್ಕಿನ ಗುಂಡುಗಳನ್ನು ಒಳಗೆ ಒಂದೊಂದಾಗಿ ಬಿಟ್ಟು, ಕೊಳವೆ ನೀರಿನಲ್ಲಿ ನೆಟ್ಟಗೆ ನಿಲ್ಲುವಂತೆ ಮಾಡಿರಿ. ಬರಿಯ ನೀರಿನಲ್ಲಿ ಅದು ಮುಳುಗುವ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಅನಂತರ ತೂಗಿ ಮಾಡಿದ ಶೇಕಡ 5, 10, 15ರ ಉಪ್ಪುನೀರುಗಳಲ್ಲಿ ಬಿಟ್ಟು ಗೆರೆ ಎಳೆಯಿರಿ. ನೀರಿನಲ್ಲಿ 12 ಸೆಂಟಿಮೀಟರ್ ಮುಳುಗುವ ಕೊಳವೆ ಶೇಕಡ 10ರಲ್ಲಿ ಸುಮಾರು 8 ಮಿಲಿಮೀಟರ್ ಮೇಲೇಳುತ್ತದೆ. ಗೆರೆ ಎಳೆಯುವಾಗಲೂ ಅಳೆಯುವಾಗಲೂ ನೀರಿನ ಬಿಸಿ ಒಂದೇ ಸಮನಾಗಿರಲಿ. ಜಾಡಿಯ ನೀರಿನಲ್ಲಿ ಕಾಯಿಯ ಹುಳಿ, ಸಕ್ಕರೆಗಳೂ ಕರಗಿರುವುದರಿಂದ ಕೊಳವೆ ಉಪ್ಪನ್ನು ತುಸು ಹೆಚ್ಚಾಗಿಯೇ ತೋರಿಸುತ್ತದೆ ಎಂಬುದನ್ನು ಮರೆಯಬಾರದು.

ಯಾವಾಗ ಅಳೆಯಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ. ಒಂದು ಕಿಲೋ ಮಾವಿನ ಹೋಳಿಗೆ ಒಂದು ಕಿಲೋ ಶೇಕಡ 15ರ ಉಪ್ಪುನೀರು ಹೊಯ್ದಿರೆಂದು ಇಟ್ಟುಕೊಳ್ಳೋಣ. ಅದರಲ್ಲಿರುವ ಉಪ್ಪು 150 ಗ್ರಾಂ, ನೀರು 850 ಗ್ರಾಂ. ಹೋಳಿನೊಳಗೂ ಸುಮಾರು 850 ಗ್ರಾಂ ನೀರಿದೆ. ಉಪ್ಪು ಎರಡಕ್ಕೂ ಹಂಚಿಹೋದ ಮೇಲೆ ಉಳಿಯುವುದು ಶೇಕಡ 8 ಮಾತ್ರ! ಹೊಯ್ದ ದಿನದ ಅಳತೆಯನ್ನು ನಂಬಿದವರ ಜಾಡಿ ಕೆಡುವುದು ಇದರಿಂದಲೇ. ಉಪ್ಪುನೀರಿನ ಉಪ್ಪಿನಕಾಯಿಗೆ ಭಾರತದ ಆಹಾರ ಸುರಕ್ಷತಾ ನಿಯಮ ಕೇಳುವ ಶೇಕಡ 12 ಆಗಬೇಕಾದರೆ ಇನ್ನೂ ಸುಮಾರು 80 ಗ್ರಾಂ ಉಪ್ಪು ಬೇಕು. ಎರಡು ದಿನ ಬಿಟ್ಟು ಮತ್ತೆ ಅಳೆದಾಗಲೂ ಅಂಕಿ ಬದಲಾಗದಿದ್ದರೆ ಉಪ್ಪು ಹಂಚಿ ಮುಗಿಯಿತೆಂದು ತಿಳಿಯಬಹುದು.

ಇನ್ನು ಹುಳಿ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರು ಸುಣ್ಣ ಬೆರೆತು ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಹುಳಿ ಹೆಚ್ಚಿರಲಿ ಕಡಿಮೆಯಿರಲಿ, ಅರಿಸಿನ ಹಳದಿಯಾಗಿಯೇ ಇರುತ್ತದೆ. ಆದುದರಿಂದ ಈ ಕೆಲಸಕ್ಕೆ ಅದು ಬಾರದು. ಬೇಕಾದುದು ಪಿಎಚ್ ಕಾಗದ. ಡೆನ್ಮಾರ್ಕಿನ ಸೋರೆನ್‌ಸನ್ 1909ರಲ್ಲಿ ರೂಪಿಸಿದ ಈ ಮಾನದಲ್ಲಿ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಇಳಿದಂತೆ ಹುಳಿ ಏರುತ್ತದೆ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಬೊಟುಲಿನಮಿಗೆ ಗಡಿ 4.6. ಕಾಗದದ ಬಣ್ಣವನ್ನು ಕಣ್ಣಿನಿಂದ ಓದಬೇಕಾದುದರಿಂದ 4 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮಾತ್ರ ನಂಬಿರಿ. ನಡುವೆ ಬಂದರೆ ನಿಂಬೆರಸ ಅಥವಾ ವಿನೆಗರ್ ಸೇರಿಸಿ ಕೆಲವು ದಿನ ಬಿಟ್ಟು ಮತ್ತೆ ನೋಡಿರಿ. ಖಾರ, ಅರಿಸಿನ ಬೆರೆತ ಮೇಲೆ ಕಾಗದಕ್ಕೆ ಅವುಗಳ ಬಣ್ಣವೇ ಹತ್ತುತ್ತದೆ. ಮಸಾಲೆಗೆ ಮುಂಚೆಯೇ ಪರೀಕ್ಷೆ ಮುಗಿಯಲಿ. ಸಂಘದವರು ಸೇರಿ ಪೆನ್ನಿನಾಕಾರದ ಒಂದು ಪಿಎಚ್ ಮೀಟರ್ ಕೊಂಡರೆ ಇನ್ನೂ ಒಳ್ಳೆಯದು. 4 ಮತ್ತು 7ರ ದ್ರಾವಣಗಳಲ್ಲಿ ಅದನ್ನು ಆಗಾಗ ಸರಿಪಡಿಸಿಕೊಳ್ಳಬೇಕು.

ಒಟ್ಟು ಹುಳಿ ಎಷ್ಟೆಂದು ತಿಳಿಯಬೇಕಾದವರು ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರನ್ನು ಕೇಳಬಹುದು. 10 ಮಿಲಿಲೀಟರ್ ಉಪ್ಪುನೀರಿನ ಹುಳಿ ತೀರಲು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 16 ಮಿಲಿಲೀಟರ್ ಹಿಡಿದರೆ, ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಹುಳಿ ಶೇಕಡ 1 ಎಂದರ್ಥ.

ನೀರಿನ ಮಾತನ್ನೂ ಹೇಳಬೇಕು. ನಮ್ಮ ಎರೆನೆಲದ ಕೊಳವೆಬಾವಿಗಳಲ್ಲಿ ಹಲವೆಡೆ ನೀರು ಗಡಸು. ಅದರಲ್ಲಿ ಕರಗಿರುವ ಕಾರ್ಬೊನೇಟುಗಳು ಹುಳಿಯ ಒಂದು ಪಾಲನ್ನು ಕೊಂದುಹಾಕುತ್ತವೆ. ಆದುದರಿಂದ ತುಂಗಭದ್ರಾ ಕಾಲುವೆಯ ನೀರು ಬಳಸಿದವರ ಲೆಕ್ಕ ಬಾವಿಯ ನೀರಿನವರಿಗೆ ಹೊಂದಲಾರದು. ತಮ್ಮ ತಮ್ಮ ಜಾಡಿಯನ್ನೇ ಅಳೆಯಬೇಕು. ನೀರನ್ನು ಕಾಯಿಸಿ, ಆರಿಸಿ, ತಿಳಿಯನ್ನು ಬಸಿದುಕೊಂಡರೆ ಗಡಸು ಸ್ವಲ್ಪ ತಗ್ಗುತ್ತದೆ.

ಒಮ್ಮೆ ಅಳೆದು ಸುಮ್ಮನಾಗುವಂತೆಯೂ ಇಲ್ಲ. ಮೇಲೆ ಬೂಷ್ಟು ಕಟ್ಟಿತೆಂದರೆ ಅದು ಹುಳಿಯನ್ನೇ ತಿಂದು ಬೆಳೆಯುತ್ತದೆ. ಪಿಎಚ್ ಮೆಲ್ಲನೆ ಏರುತ್ತದೆ. ಕಾಯಿಗಳು ಸದಾ ಉಪ್ಪುನೀರಿನಲ್ಲಿ ಮುಳುಗಿರಲಿ. ಜಾಡಿಯ ಮೇಲೊಂದು ಚೀಟಿ ಅಂಟಿಸಿ ಹಾಕಿದ ದಿನ, ಉಪ್ಪು, ಪಿಎಚ್ ಇವನ್ನು ಬರೆದಿಡಿರಿ; ತಿಂಗಳಿಗೊಮ್ಮೆ ಹೊಸ ಅಂಕಿ ಸೇರಿಸಿರಿ. ಅನುಮಾನ ಬಂದ ಜಾಡಿಯನ್ನು ಮಾತ್ರ ರುಚಿ ನೋಡಿ ತೀರ್ಮಾನಿಸುವ ಗೋಜಿಗೆ ಹೋಗಬೇಡಿರಿ. ಮಕ್ಕಳ, ದನಕರುಗಳ ಬಾಯಿಗೆ ಸಿಗದಂತೆ ಹೂಳಿಬಿಡಿರಿ.