ಟೂಸಾನ್‌ನ ಪುಟ್ಟ ಚರ್ಚು ಬಾಗಿಲು ತೆರೆದ ಬಗೆ

1982ರ ಜನವರಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಸದಸ್ಯರು ಸೇರಿ ಗುಪ್ತ ಮತದಾನ ನಡೆಸಿದರು. ಪರವಾಗಿ 59, ವಿರುದ್ಧ 2, ತಟಸ್ಥ 4. ಸರ್ಕಾರ ಹಿಡಿದು ಗಡೀಪಾರು ಮಾಡುತ್ತಿದ್ದ ನಿರಾಶ್ರಿತರಿಗೆ ಚರ್ಚಿನಲ್ಲೇ ಆಶ್ರಯ ಕೊಡುವುದು, ಕೊಟ್ಟಿದ್ದೇವೆಂದು ಬಹಿರಂಗವಾಗಿ ಸಾರುವುದು ಎಂದು ತೀರ್ಮಾನವಾಯಿತು. ಪ್ರೆಸ್ಬಿಟೇರಿಯನ್ ಪಂಥದಲ್ಲಿ ಬಿಷಪ್ಪರಿಲ್ಲ. ಸಭೆಯನ್ನು ನಡೆಸುವವರು ಸದಸ್ಯರೇ ಆರಿಸಿದ ಹಿರಿಯರು. ಹಾಗಾಗಿ ಅಂದಿನ ತೀರ್ಮಾನದ ಹೊಣೆಯೂ ಮತ ಹಾಕಿದವರದ್ದೇ ಆಗಿತ್ತು.

1906ರಲ್ಲಿ ಟೊಹೊನೊ ಓಡಮ್ ಎಂಬ ಮೂಲನಿವಾಸಿಗಳಿಗಾಗಿ ಶುರುವಾದ ಚರ್ಚು ಇದು. ಊರಿನ ಬಡವರ ಕಡೆಯಲ್ಲಿತ್ತು. ಜಾನ್ ಫೈಫ್ ಇಲ್ಲಿ ಸುಮಾರು 35 ವರ್ಷ ಪಾದ್ರಿಯಾಗಿದ್ದರು.

ಆ ತೀರ್ಮಾನದ ಹಿಂದೊಂದು ಕಥೆಯಿತ್ತು. 1980ರ ಜುಲೈನಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ 26 ಜನರನ್ನು ಗಡಿ ದಾಟಿಸುತ್ತಿದ್ದವರು ಮರುಭೂಮಿಯಲ್ಲಿ ಬಿಟ್ಟು ಓಡಿಹೋದರು. 13 ಜನ ಸತ್ತರು. ಬದುಕುಳಿದವರನ್ನು ಟೂಸಾನ್‌ನ ಚರ್ಚುಗಳು ನೋಡಿಕೊಂಡವು. ಅವರನ್ನು ವಾಪಸು ಕಳಿಸಲು ಸರ್ಕಾರ ಹೊರಟಾಗ ಚರ್ಚಿನವರಿಗೆ ಆ ದೇಶದ ಕಥೆ ಕಿವಿಗೆ ಬಿತ್ತು. ಅಲ್ಲಿ ಜನರನ್ನು ಕೊಲ್ಲುತ್ತಿದ್ದ ಸೇನೆಗೆ ಹಣ, ಆಯುಧ ಹೋಗುತ್ತಿದ್ದದ್ದು ಅಮೆರಿಕದಿಂದಲೇ. ಓಡಿಬಂದವರನ್ನು ನಿರಾಶ್ರಿತರೆಂದು ಒಪ್ಪಿದರೆ ಅಮೆರಿಕ ತನ್ನ ಮಿತ್ರ ಸರ್ಕಾರದ ಕ್ರೌರ್ಯವನ್ನೂ ಒಪ್ಪಿದಂತೆ. ಆಶ್ರಯ ಕೋರಿದ ಸಾಲ್ವಡಾರಿಗರಲ್ಲಿ ನೂರಕ್ಕೆ ಮೂವರಿಗೂ ಅದು ಸಿಗುತ್ತಿರಲಿಲ್ಲ.

ಮೊದಲು ಇವರು ಕಾನೂನಿನ ದಾರಿಯಲ್ಲೇ ನಡೆದರು. ವಕೀಲರನ್ನು ಹಿಡಿದರು, ದುಡ್ಡು ಕೂಡಿಸಿ ಜಾಮೀನು ಕೊಟ್ಟರು, ವಾರವಾರ ಸರ್ಕಾರಿ ಕಚೇರಿಯ ಮುಂದೆ ನಿಂತು ಪ್ರಾರ್ಥಿಸಿದರು. ಜಾಮೀನಿನ ಮೇಲೆ ಬಂದವರ ಅರ್ಜಿಗಳು ಒಂದೊಂದಾಗಿ ವಜಾ ಆದವು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಜಿಮ್ ಕಾರ್ಬೆಟ್ (ಕುಮಾವೂನಿನ ಬೇಟೆಗಾರ ಕಾರ್ಬೆಟ್ ಅಲ್ಲ, ಅರಿಜೋನಾದಲ್ಲಿ ಆಡು ಸಾಕಿಕೊಂಡಿದ್ದವರು) ಇದನ್ನೆಲ್ಲ ನೋಡಿ, ನಿರಾಶ್ರಿತರನ್ನು ತಾವೇ ಗಡಿ ದಾಟಿಸತೊಡಗಿದ್ದರು. ಫೈಫ್ ಅವರೂ ಕೈಜೋಡಿಸಿದರು. 1981ರ ಕೊನೆಯ ಹೊತ್ತಿಗೆ, ಇದನ್ನು ನಿಲ್ಲಿಸದಿದ್ದರೆ ಮೊಕದ್ದಮೆ ಹೂಡುತ್ತೇವೆ ಎಂಬ ಎಚ್ಚರಿಕೆ ವಲಸೆ ಇಲಾಖೆಯ ಕಡೆಯಿಂದ ತಲುಪಿತು.

ಆಗ ಅವರು ಆರಿಸಿಕೊಂಡ ದಾರಿ ನನಗೆ ಈ ಇಡೀ ಕಥೆಯ ಜೀವಾಳ ಎನಿಸುತ್ತದೆ. ಕದ್ದುಮುಚ್ಚಿ ಮಾಡುತ್ತಿದ್ದಾಗ ಸಿಕ್ಕಿಬಿದ್ದರೆ ಸರ್ಕಾರ ಅವರನ್ನು ಕಳ್ಳಸಾಗಣೆದಾರರೆಂದೇ ಕರೆಯುತ್ತಿತ್ತು. ಅದಕ್ಕೇ ಬಹಿರಂಗವಾಗಿ ಹೇಳಿಬಿಟ್ಟರು. ಅಟಾರ್ನಿ ಜನರಲ್ ವಿಲಿಯಂ ಫ್ರೆಂಚ್ ಸ್ಮಿತ್ ಅವರಿಗೇ ಪತ್ರ ಬರೆದು ತಾವು ಮಾಡಲಿರುವುದನ್ನು ತಿಳಿಸಿದರು. 1982ರ ಮಾರ್ಚ್ 24ರಂದು ಪತ್ರಕರ್ತರ ಎದುರು ಘೋಷಿಸಿದರು. ಸರಿಯಾಗಿ ಎರಡು ವರ್ಷದ ಹಿಂದೆ ಅದೇ ದಿನ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. ಕ್ಯಾಲಿಫೋರ್ನಿಯದ ಬರ್ಕ್ಲಿ ಕಡೆಯ ಐದು ಚರ್ಚುಗಳೂ ಅಂದೇ ಜೊತೆಗೂಡಿದವು. ಕೆಲವೇ ವರ್ಷಗಳಲ್ಲಿ ಕ್ಯಾಥೊಲಿಕರು, ಯಹೂದಿಗಳು ಸೇರಿ ನೂರಾರು ಸಭೆಗಳು ಈ ಚಳವಳಿಗೆ ಬಂದವು.

ಸರ್ಕಾರ ಸುಮ್ಮನಿರಲಿಲ್ಲ. ಮಾಹಿತಿದಾರರನ್ನು ಭಕ್ತರಂತೆ ಒಳಗೆ ಕಳಿಸಿ ಮಾತುಕತೆಯನ್ನು ಟೇಪ್ ಮಾಡಿಸಿತು. ದೇವರ ಮುಂದೆ ಕೂತವರ ಮಾತನ್ನು ಹೀಗೆ ಕದ್ದು ಕೇಳಿಸಿದ್ದು ಯಾವ ಕಾನೂನಿನ ಹೆಸರಿನಲ್ಲೂ ಸಮರ್ಥಿಸಲಾಗದ ಕೆಲಸ. 1985ರ ಜನವರಿಯಲ್ಲಿ ಪಾದ್ರಿಗಳು, ಸನ್ಯಾಸಿನಿಯರೂ ಸೇರಿ 16 ಜನರ ಮೇಲೆ ಆರೋಪ ಹೊರಿಸಿತು. ಎಲ್ ಸಾಲ್ವಡಾರ್‌ನಲ್ಲಿ ಏನಾಗುತ್ತಿದೆ ಎಂಬುದನ್ನು ತೀರ್ಪುಗಾರರ ಮುಂದಿಡಲು ನ್ಯಾಯಾಧೀಶರು ಬಿಡಲಿಲ್ಲ. 1986ರ ಮೇ 1ರಂದು ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಫೈಫ್ ಅವರಿಗೆ ಐದು ವರ್ಷ ಪ್ರೊಬೇಷನ್. ಕಾರ್ಬೆಟ್ ಖುಲಾಸೆಯಾದರು. ಜೈಲಿಗೆ ಯಾರೂ ಹೋಗಲಿಲ್ಲ.

ಚರ್ಚುಗಳು ತಾವೂ ಸರ್ಕಾರದ ವಿರುದ್ಧ ದಾವೆ ಹೂಡಿದ್ದವು. ಅದು 1991ರಲ್ಲಿ ರಾಜಿಯಾಗಿ, ಸಾಲ್ವಡಾರ್ ಮತ್ತು ನೆರೆಯ ಗ್ವಾಟೆಮಾಲಾದವರ ತಿರಸ್ಕೃತ ಅರ್ಜಿಗಳನ್ನು ಮತ್ತೆ ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರ ಒಪ್ಪಿತು. ಮರುವರ್ಷ ಪ್ರೆಸ್ಬಿಟೇರಿಯನ್ ಪಂಥದ ರಾಷ್ಟ್ರೀಯ ಮಹಾಸಭೆ, ಶಿಕ್ಷೆಗೊಳಗಾಗಿದ್ದ ಇದೇ ಫೈಫ್ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಮರುಭೂಮಿಯಲ್ಲಿ ನೀರಿಲ್ಲದೆ ಸಾಯುವ ವಲಸಿಗರಿಗಾಗಿ 2004ರಲ್ಲಿ ಹುಟ್ಟಿದ ‘ನೋ ಮೋರ್ ಡೆತ್ಸ್’ ಸಂಘಟನೆಯ ಸ್ಥಾಪಕರಲ್ಲಿ ಫೈಫ್ ಒಬ್ಬರು. ಗಡೀಪಾರಿನ ಆದೇಶ ಬಂದಿದ್ದ ತಾಯಿಯೊಬ್ಬರಿಗೆ 2014ರ ಆಗಸ್ಟ್‌ನಲ್ಲಿ ಸೌತ್‌ಸೈಡ್ ಚರ್ಚು ಮತ್ತೆ ಬಾಗಿಲು ತೆರೆಯಿತು. 461 ದಿನ ಅವರು ಅಲ್ಲೇ ಇದ್ದರು. 2015ರ ನವೆಂಬರ್‌ನಲ್ಲಿ ಮನೆಗೆ ಮರಳಿದರು.