ಪೋಸ್ಟ್‌ಮ್ಯಾನ್‌ನಲ್ಲಿ ಬರ್ತಿದೆ, ಆ್ಯಪ್‌ನಲ್ಲಿ ಯಾಕೆ ಬರ್ತಿಲ್ಲ?

"ನನ್ನ ಕಡೆ ಎಲ್ಲ ಸರಿ ಇದೆ, ನಿನ್ನ ಕಡೆ ನೋಡ್ಕೋ." ಮಿನಿ ಪ್ರಾಜೆಕ್ಟ್ ಮಾಡಿದ ಯಾರಿಗೇ ಆದ್ರೂ ಈ ಮಾತು ಗೊತ್ತಿರುತ್ತೆ. ಮೂರನೇ ಸೆಮಿಸ್ಟರ್‌ನಲ್ಲಿ ನಾನೂ ನನ್ನ ರೂಮ್‌ಮೇಟೂ ಸೇರಿ ಮೆಸ್ ಊಟಕ್ಕೆ ರೇಟಿಂಗ್ ಕೊಡೋ ಒಂದು ಪುಟ್ಟ ವೆಬ್ ಆ್ಯಪ್ ಮಾಡಿದ್ವಿ. ಸ್ಕ್ರೀನ್ ನನ್ನದು, ಸರ್ವರ್ ಅವನದು. ಮರುದಿನ ಬೆಳಿಗ್ಗೆ ಹತ್ತಕ್ಕೆ ಡೆಮೊ. ಹಿಂದಿನ ರಾತ್ರಿ ಹನ್ನೊಂದಕ್ಕೆ ಎರಡನ್ನೂ ಜೋಡಿಸಿ ಸಬ್ಮಿಟ್ ಒತ್ತಿದ್ರೆ 400 ಎರರ್. ಅವನು ತನ್ನ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಮ್ಯಾನ್ ತೆಗೆದು "ಅದೇ" ರಿಕ್ವೆಸ್ಟ್ ಕಳಿಸಿ ತೋರಿಸಿದ. 201 ಕ್ರಿಯೇಟೆಡ್, ಹಸಿರು ಬಣ್ಣದಲ್ಲಿ. ಹನ್ನೆರಡರ ಹೊತ್ತಿಗೆ ಒಂದೇ ಮೇಜಿನ ಎರಡು ಕಡೆ ಕೂತಿದ್ವಿ, ಮಾತು ಮಾತ್ರ ನಿಂತು ಹೋಗಿತ್ತು.

ಮೇಲೆ "ಅದೇ" ಅನ್ನೋ ಪದಕ್ಕೆ ಸುಮ್ನೆ ಕೋಟ್ ಹಾಕಿಲ್ಲ. ಇಡೀ ಜಗಳ ಇದ್ದಿದ್ದು ಅದರಲ್ಲೇ.

ಎಪಿಐ ರಿಕ್ವೆಸ್ಟ್ ಅಂದ್ರೆ ಒಂದು ಕಾಗದ ಅಂತ ಇಟ್ಕೊಳ್ಳಿ. ಯುಆರ್‌ಎಲ್ ಅನ್ನೋದು ವಿಳಾಸ. ಮೆಥಡ್ ಅನ್ನೋದು ಏನು ಮಾಡ್ಬೇಕು ಅನ್ನೋ ಸೂಚನೆ: ಗೆಟ್ ಅಂದ್ರೆ ಕೊಡು, ಪೋಸ್ಟ್ ಅಂದ್ರೆ ತಗೊಂಡು ಸೇರಿಸ್ಕೋ, ಡಿಲೀಟ್ ಅಂದ್ರೆ ತೆಗೆದುಹಾಕು. ಬಾಡಿ ಅನ್ನೋದು ಒಳಗಿನ ಒಕ್ಕಣೆ. ಈ ಮೂರನ್ನ ಎಲ್ಲರೂ ನೋಡ್ತಾರೆ. ನಾಲ್ಕನೆಯದು ಹೆಡರ್, ಅಂದ್ರೆ ಲಕೋಟೆ ಮೇಲೆ ಬರೆದಿರೋ ವಿವರಗಳು: ಒಳಗೆ ಯಾವ ಥರದ ಡೇಟಾ ಇದೆ, ಕಳಿಸಿದವರು ಯಾರು, ಗುರುತಿನ ಟೋಕನ್ ಯಾವುದು. ಇದನ್ನ ಯಾರೂ ನೋಡಲ್ಲ, ಯಾಕಂದ್ರೆ ಬಹುಪಾಲು ಹೆಡರ್‌ಗಳನ್ನ ನಾವು ಬರೆಯೋದೇ ಇಲ್ಲ. ಬ್ರೌಸರೋ ಲೈಬ್ರರಿಯೋ ತಾನೇ ಬರ್ಕೊಂಡು ಕಳಿಸಿಬಿಡುತ್ತೆ.

ಈ ಕಾಗದವನ್ನ ಕೋಡ್ ಬರೆಯದೇ, ಫಾರ್ಮ್ ತುಂಬೋ ಹಾಗೆ ತುಂಬಿ ಕಳಿಸಿ, ಬಂದ ಉತ್ತರವನ್ನ ಬಿಚ್ಚಿ ನೋಡೋ ಸಾಧನಗಳಲ್ಲಿ ಹೆಸರುವಾಸಿ ಅಂದ್ರೆ ಪೋಸ್ಟ್‌ಮ್ಯಾನ್. ಇದು ನಮ್ಮ ಬೆಂಗಳೂರಿನ ಕೂಸು ಅನ್ನೋದು ನನಗೂ ಇತ್ತೀಚೆಗೇ ಗೊತ್ತಾಗಿದ್ದು. 2012ರಲ್ಲಿ ಅಭಿನವ್ ಅಸ್ಥಾನಾ ಬಿಡುವಿನ ವೇಳೆಯ ಪ್ರಾಜೆಕ್ಟ್ ಆಗಿ ಶುರು ಮಾಡಿದ ಕ್ರೋಮ್ ಎಕ್ಸ್‌ಟೆನ್ಶನ್ ಇದು. 2014ರಲ್ಲಿ ಅಂಕಿತ್ ಸೋಬ್ತಿ, ಅಭಿಜಿತ್ ಕಾಣೆ ಜೊತೆ ಸೇರಿ ಬೆಂಗಳೂರಲ್ಲಿ ಕಂಪನಿ ಆಯ್ತು. ಈಗ ಮುಖ್ಯ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ.

ಬಳಸೋದು ಕಷ್ಟ ಏನಲ್ಲ. ಮೆಥಡ್ ಆರಿಸಿ, ಯುಆರ್‌ಎಲ್ ಹಾಕಿ, ಬಾಡಿ ಟ್ಯಾಬ್‌ನಲ್ಲಿ ರಾ ಅಂತ ಆರಿಸಿ ಪಕ್ಕದಲ್ಲಿ ಜೇಸನ್ ಅಂತ ಇಟ್ಟು ಡೇಟಾ ಬರೆದು ಸೆಂಡ್ ಒತ್ತಿದ್ರೆ ಕೆಳಗಡೆ ಉತ್ತರ ಬರುತ್ತೆ. ನಮ್ಮಲ್ಲಿ ಬಹಳ ಜನ ಇಲ್ಲಿಗೇ ನಿಲ್ಲಿಸ್ತಾರೆ. 200 ಬಂದ್ರೆ ಖುಷಿ, ಬರದಿದ್ರೆ ಬೈಗುಳ. ಬೇಕಾಗಿದ್ದು ಇನ್ನೂ ಎರಡು ಕಡೆ ಇರುತ್ತೆ. ಒಂದು, ಹೆಡರ್ಸ್ ಟ್ಯಾಬ್‌ನಲ್ಲಿ ‘ಹಿಡನ್’ ಅಂತ ಸಣ್ಣದಾಗಿ ಬರೆದಿರೋ ಗುಂಡಿ. ಅದನ್ನ ಒತ್ತಿದ್ರೆ ಪೋಸ್ಟ್‌ಮ್ಯಾನ್ ನಮ್ಮನ್ನ ಕೇಳದೇ ಸೇರಿಸಿರೋ ಹೆಡರ್‌ಗಳೆಲ್ಲ ಕಾಣುತ್ತವೆ. ಇನ್ನೊಂದು, ಕೆಳಗಿನ ಪಟ್ಟಿಯಲ್ಲಿರೋ ಕನ್ಸೋಲ್. ನಿಜವಾಗಿ ಏನು ಹೋಯ್ತು, ಏನು ಬಂತು ಅಂತ ಅಕ್ಷರ ಬಿಡದೆ ಅಲ್ಲಿರುತ್ತೆ.

ಈಗ ನಮ್ಮ ರಾತ್ರಿಗೆ ವಾಪಸ್. ಸರ್ವರ್‌ನಿಂದ ಬರ್ತಿದ್ದ 400ರ ಜೊತೆ ಒಂದು ಸಾಲು ಇತ್ತು: ರೇಟಿಂಗ್ ಕಡ್ಡಾಯ. ನಾನು ರೇಟಿಂಗ್ ಕಳಿಸ್ತಾನೇ ಇದ್ದೀನಲ್ಲ! ನನ್ನ ಕೋಡ್‌ನಲ್ಲಿ ಕಣ್ಣಿಗೆ ಕಾಣ್ತಿದೆ! ಒಂದು ಗಂಟೆ ಆ ಕೋಡನ್ನೇ ದುರುಗುಟ್ಕೊಂಡು ನೋಡಿದೆ. ಆಮೇಲೆ ಸುಮ್ನೆ ಪ್ರಯತ್ನ ಮಾಡೋಣ ಅಂತ ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು, ಸೋತ ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಕರ್ಲ್’ ಕೊಟ್ಟೆ. ವಿಂಡೋಸ್‌ನಲ್ಲಿ ಎರಡು ಆಯ್ಕೆ ಬರುತ್ತೆ, ಬ್ಯಾಷ್ ಅನ್ನೋದನ್ನ ತಗೊಳ್ಳಿ. ಅದನ್ನ ಪೋಸ್ಟ್‌ಮ್ಯಾನ್‌ನ ಇಂಪೋರ್ಟ್‌ನಲ್ಲಿ ಪೇಸ್ಟ್ ಮಾಡಿದ್ರೆ, ಬ್ರೌಸರ್ ಕಳಿಸಿದ ರಿಕ್ವೆಸ್ಟೇ ಹೆಡರ್ ಸಮೇತ ಅಲ್ಲಿ ಕೂರುತ್ತೆ. ಸೆಂಡ್ ಒತ್ತಿದೆ. ಈಗ ಪೋಸ್ಟ್‌ಮ್ಯಾನ್‌ನಲ್ಲೂ 400! ಎರರ್ ನೋಡಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಅವನ ರಿಕ್ವೆಸ್ಟ್ ಒಂದು ಟ್ಯಾಬ್, ನನ್ನದು ಇನ್ನೊಂದು. ಯುಆರ್‌ಎಲ್ ಒಂದೇ, ಮೆಥಡ್ ಒಂದೇ, ಬಾಡಿ ಅಕ್ಷರಶಃ ಒಂದೇ. ಹೆಡರ್‌ನಲ್ಲಿ ಮಾತ್ರ, ಅವನ ಕಂಟೆಂಟ್-ಟೈಪ್ ‘ಅಪ್ಲಿಕೇಶನ್/ಜೇಸನ್’, ನನ್ನದು ‘ಟೆಕ್ಸ್ಟ್/ಪ್ಲೇನ್’. ನಾನಂತೂ ಹಾಗೆ ಎಲ್ಲೂ ಬರೆದಿರಲಿಲ್ಲ. ಜಾವಾಸ್ಕ್ರಿಪ್ಟ್‌ನ ಫೆಚ್‌ಗೆ ಜೇಸನ್ ಸ್ಟ್ರಿಂಗಿಫೈ ಮಾಡಿದ ಬಾಡಿ ಕೊಟ್ಟು ಹೆಡರ್ ಹೇಳದೇ ಬಿಟ್ರೆ, ಬ್ರೌಸರ್ ಪಾಲಿಗೆ ಅದು ಬರೀ ಒಂದು ಸ್ಟ್ರಿಂಗ್. ಹಾಗಾಗಿ ಲಕೋಟೆ ಮೇಲೆ ಟೆಕ್ಸ್ಟ್/ಪ್ಲೇನ್ ಅಂತ ಬರೆದು ಕಳಿಸುತ್ತೆ. ಆ ಕಡೆ ಎಕ್ಸ್‌ಪ್ರೆಸ್‌ನ ಜೇಸನ್ ಪಾರ್ಸರ್ ಮೊದಲು ಲಕೋಟೆ ನೋಡುತ್ತೆ, ಜೇಸನ್ ಅಂತ ಬರೆದಿಲ್ಲ ಅಂದ್ರೆ ಒಳಗಿನ ಕಾಗದ ತೆಗೆಯೋದೇ ಇಲ್ಲ. ನಾವು ಬಳಸಿದ್ದು ಎಕ್ಸ್‌ಪ್ರೆಸ್ 4. ಅದರಲ್ಲಿ ಬಾಡಿ ಖಾಲಿ ಆಬ್ಜೆಕ್ಟ್ ಆಗಿ ಸಿಗುತ್ತೆ. ರೂಮ್‌ಮೇಟ್‌ನ ಕೋಡ್ ಖಾಲಿ ನೋಡಿ "ರೇಟಿಂಗ್ ಕಡ್ಡಾಯ" ಅಂದಿತ್ತು. ಅವನಿಗೆ ಈ ತೊಂದರೆ ಕಾಣಲೇ ಇಲ್ಲ, ಯಾಕಂದ್ರೆ ಪೋಸ್ಟ್‌ಮ್ಯಾನ್‌ನಲ್ಲಿ ಜೇಸನ್ ಅಂತ ಆರಿಸಿದ ತಕ್ಷಣ ಆ ಹೆಡರನ್ನ ಅದೇ ಸೇರಿಸಿತ್ತು, ಹಿಡನ್ ಪಟ್ಟಿಯಲ್ಲಿ.

ಅಂದ್ರೆ ತಪ್ಪು ನನ್ನದು. ಹೆಡರ್ ಸೇರಿಸಿದೆ, ಮತ್ತೆ ಸಬ್ಮಿಟ್ ಒತ್ತಿದೆ. ಈ ಸಲ 400 ಕೂಡ ಇಲ್ಲ. ಕ್ರೋಮ್ ಕನ್ಸೋಲ್ ತುಂಬ ಕೆಂಪು ಅಕ್ಷರದಲ್ಲಿ ಕಾರ್ಸ್ ಎರರ್. ಪೋಸ್ಟ್‌ಮ್ಯಾನ್‌ನಲ್ಲಿ? 201. ಯಥಾಪ್ರಕಾರ.

ಇದು ಪೋಸ್ಟ್‌ಮ್ಯಾನ್‌ನ ಇನ್ನೊಂದು ಮುಖ. ನನ್ನ ಪೇಜ್ ಓಡ್ತಿದ್ದಿದ್ದು ಲೋಕಲ್‌ಹೋಸ್ಟ್ 5173ರಲ್ಲಿ, ಸರ್ವರ್ 3000ದಲ್ಲಿ. ಪೋರ್ಟ್ ಬೇರೆ ಆದ್ರೆ ಬ್ರೌಸರ್ ಲೆಕ್ಕದಲ್ಲಿ ಅವು ಬೇರೆ ಬೇರೆ ಆರಿಜಿನ್. ಒಂದು ಆರಿಜಿನ್‌ನ ಪೇಜ್ ಇನ್ನೊಂದಕ್ಕೆ ಜೇಸನ್ ಕಳಿಸೋಕೆ ಹೊರಟ್ರೆ, ಬ್ರೌಸರ್ ಮೊದಲು ಆಪ್ಶನ್ಸ್ ಅನ್ನೋ ಮೆಥಡ್‌ನಲ್ಲಿ "ಇಂಥವರು ಇಂಥದ್ದು ಕಳಿಸಬೇಕಂತಿದ್ದಾರೆ, ಕಳಿಸಲಾ?" ಅಂತ ಸರ್ವರನ್ನ ಕೇಳುತ್ತೆ. ಇದಕ್ಕೆ ಪ್ರೀಫ್ಲೈಟ್ ಅಂತಾರೆ. ಟೆಕ್ಸ್ಟ್/ಪ್ಲೇನ್ ಆಗಿದ್ರೆ ಈ ಪ್ರಶ್ನೆ ಕೇಳಲ್ಲ, ಅದಕ್ಕೇ ಮೊದಲು ಈ ಎರರ್ ಬಂದಿರಲಿಲ್ಲ. ನನ್ನ ತಪ್ಪು ಅವನ ತಪ್ಪನ್ನ ಮುಚ್ಚಿಟ್ಟಿತ್ತು! ಅವನು ‘ಆ್ಯಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್’ ಅನ್ನೋ ಹೆಡರ್ ಒಂದನ್ನೇ ಕೈಯಾರೆ ಹಾಕಿದ್ದ. ಕಂಟೆಂಟ್-ಟೈಪ್ ಹೆಡರನ್ನೂ ಬಿಡ್ತೀನಿ ಅನ್ನೋ ‘ಅಲೋ-ಹೆಡರ್ಸ್’ ಹಾಕಿರಲಿಲ್ಲ.

ಪೋಸ್ಟ್‌ಮ್ಯಾನ್‌ನ ಡೆಸ್ಕ್‌ಟಾಪ್ ಆ್ಯಪ್ ಬ್ರೌಸರ್ ಅಲ್ಲ. ಬಳಕೆದಾರರನ್ನ ಕಾಪಾಡೋಕೆ ಬ್ರೌಸರ್ ಹಾಕೋ ಈ ನಿಯಮ ಅದಕ್ಕಿಲ್ಲ, ಅದು ಪ್ರೀಫ್ಲೈಟ್ ಕಳಿಸಲ್ಲ. ಆದ್ರಿಂದ ಪೋಸ್ಟ್‌ಮ್ಯಾನ್‌ನಲ್ಲಿ 201 ಬಂತು ಅಂದ್ರೆ ಸರ್ವರ್‌ನ ಆ ದಾರಿ ಕೆಲಸ ಮಾಡ್ತಿದೆ ಅಂತ ಮಾತ್ರ ಅರ್ಥ. ಬ್ರೌಸರ್‌ನಿಂದಲೂ ಬರುತ್ತೆ ಅಂತಲ್ಲ. ಆದ್ರೆ ಬ್ರೌಸರ್ ಕೇಳೋ ಪ್ರಶ್ನೆಯನ್ನ ನಾವೇ ಕೇಳಬಹುದು: ಮೆಥಡ್ ಆಪ್ಶನ್ಸ್ ಇಟ್ಟು, ಆರಿಜಿನ್ ಹೆಡರ್‌ನಲ್ಲಿ ನಮ್ಮ ಪೇಜ್‌ನ ವಿಳಾಸ, ‘ಆ್ಯಕ್ಸೆಸ್-ಕಂಟ್ರೋಲ್-ರಿಕ್ವೆಸ್ಟ್-ಮೆಥಡ್’ನಲ್ಲಿ ಪೋಸ್ಟ್, ‘ಆ್ಯಕ್ಸೆಸ್-ಕಂಟ್ರೋಲ್-ರಿಕ್ವೆಸ್ಟ್-ಹೆಡರ್ಸ್’ನಲ್ಲಿ ಕಂಟೆಂಟ್-ಟೈಪ್ ಅಂತ ಹಾಕಿ ಕಳಿಸಿ. ಉತ್ತರದ ಹೆಡರ್ಸ್ ಟ್ಯಾಬ್‌ನಲ್ಲಿ ಅಲೋ-ಹೆಡರ್ಸ್ ಇದ್ಯಾ ನೋಡಿ. ಹೀಗೆ ಮಾಡಿ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದೆ. ಅವನೇನೂ ಹೇಳಲಿಲ್ಲ, ಕಾರ್ಸ್ ಅನ್ನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ಒಂದು ಸಾಲು ಸೇರಿಸಿದ. ಎರಡೂವರೆಗೆ ಮೊದಲ ರೇಟಿಂಗ್ ಡೇಟಾಬೇಸ್‌ಗೆ ಬಿತ್ತು. ಸಾಂಬಾರ್‌ಗೆ ಎರಡು ಸ್ಟಾರ್, ಅವನೇ ಹಾಕಿದ್ದು. ಆಮೇಲೆ ಟೀ ಮಾಡ್ಲಾ ಅಂತ ಕೇಳಿದ.

ಶುರು ಮಾಡೋರಿಗೆ ಇನ್ನೆರಡು ವಿಷಯ. ಬ್ರೌಸರ್‌ನೊಳಗೇ ತೆರೆಯೋ ಪೋಸ್ಟ್‌ಮ್ಯಾನ್ ವೆಬ್‌ನಿಂದ ಲೋಕಲ್‌ಹೋಸ್ಟ್ ಪರೀಕ್ಷೆ ಮಾಡೋಕೆ ಡೆಸ್ಕ್‌ಟಾಪ್ ಏಜೆಂಟ್ ಅಂತ ಬೇರೆ ಹಾಕ್ಕೋಬೇಕು. ಅದಕ್ಕಿಂತ ಆ್ಯಪ್ ಹಾಕ್ಕೊಳ್ಳೋದೇ ವಾಸಿ. ಅಕೌಂಟ್ ಬೇಡ, ಲಾಗಿನ್ ಬೇಡ ಅನ್ನೋರಿಗೆ ಬ್ರೂನೋ ಅನ್ನೋ ಓಪನ್ ಸೋರ್ಸ್ ಸಾಧನ ಇದೆ. ಅದು ರಿಕ್ವೆಸ್ಟ್‌ಗಳನ್ನ ಸಾದಾ ಟೆಕ್ಸ್ಟ್ ಫೈಲ್ ಆಗಿ ನಮ್ಮ ಫೋಲ್ಡರ್‌ನಲ್ಲೇ ಇಡುತ್ತೆ, ಕೋಡ್ ಜೊತೆ ಗಿಟ್‌ಗೂ ಹಾಕಬಹುದು. ನಾನೀಗ ಅದನ್ನೇ ಬಳಸ್ತಿದ್ದೀನಿ.

ಗಿಟ್ ಅಂದಾಗ ನೆನಪಾಯ್ತು. ಟೋಕನ್, ಎಪಿಐ ಕೀ ಇವನ್ನ ರಿಕ್ವೆಸ್ಟ್ ಒಳಗೆ ನೇರವಾಗಿ ಬರೆಯಬೇಡಿ. ಎನ್ವಿರಾನ್‌ಮೆಂಟ್ ವೇರಿಯಬಲ್ ಮಾಡಿ, ಆ ಫೈಲನ್ನ ರೆಪೋದಿಂದ ಹೊರಗಿಡಿ. ಕರ್ಲ್ ಕಾಪಿ ಮಾಡಿ ಗ್ರೂಪ್‌ನಲ್ಲಿ "ಇದ್ಯಾಕೆ ಓಡ್ತಿಲ್ಲ ನೋಡ್ರೋ" ಅಂತ ಹಾಕೋ ಮುಂಚೆ ಅದರಲ್ಲಿರೋ ಆಥರೈಸೇಶನ್ ಮತ್ತೆ ಕುಕೀ ಸಾಲುಗಳನ್ನ ಅಳಿಸಿ. ಅವಿದ್ರೆ ನೋಡಿದವರೆಲ್ಲ ನಿಮ್ಮ ಹೆಸರಲ್ಲಿ ಲಾಗಿನ್ ಆದ ಹಾಗೆಯೇ.