ಉಸಿರಿನೊಂದಿಗೆ ಮನಸ್ಸೂ ಕುಗ್ಗಿದಾಗ

ನಡುರಾತ್ರಿ ಎಚ್ಚರವಾಗುತ್ತದೆ. ಉಸಿರು ಸಾಲದು, ಎದೆ ಡವಡವ ಹೊಡೆದುಕೊಳ್ಳುತ್ತದೆ. ಬೆಳಗು ಕಾಣುತ್ತೇನೋ ಇಲ್ಲವೋ ಎಂಬ ಭಯ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅಂದರೆ ವೈದ್ಯರು ಹೇಳುವ ಸಿ.ಓ.ಪಿ.ಡಿ. ನಿಮಗಿದ್ದರೆ ಈ ಅನುಭವ ಹೊಸದಲ್ಲ. ಬೀಡಿ, ಸಿಗರೇಟು ಸೇದಿದವರಲ್ಲಷ್ಟೇ ಅಲ್ಲ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕುಳಿತ ಹೆಂಗಸರಲ್ಲೂ ಇದು ಬರುತ್ತದೆ.

ಈ ಕಾಯಿಲೆಯಲ್ಲಿ ಗಾಳಿಕೊಳವೆಗಳು ಕಿರಿದಾಗಿರುವುದರಿಂದ ಉಸಿರು ಪೂರ್ತಿ ಹೊರಬರಲು ಹೆಚ್ಚು ಹೊತ್ತು ಬೇಕು. ಹೆದರಿದಾಗ ಉಸಿರಾಟ ಚುರುಕಾಗುತ್ತದೆ. ಒಳಗಿನ ಗಾಳಿ ಹೊರಹೋಗುವ ಮೊದಲೇ ಮತ್ತಷ್ಟು ಗಾಳಿ ಸೇರಿ ಎದೆ ಬಿಗಿಯುತ್ತದೆ. ಏದುಸಿರು ಹೆಚ್ಚಿದಂತೆ ಭಯವೂ ಹೆಚ್ಚುತ್ತದೆ.

ಆಗ ಕುಳಿತು, ತುಸು ಮುಂದೆ ಬಾಗಿ, ಮೊಣಕೈಗಳನ್ನು ತೊಡೆಗೆ ಊರಿ. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ. ಬಿಸಿ ಕಾಫಿ ಆರಿಸುವಂತೆ ತುಟಿ ಮುಂದೆ ಮಾಡಿ, ನಾಲ್ಕು ಎಣಿಸುತ್ತಾ ನಿಧಾನವಾಗಿ ಬಿಡಿ. ವೈದ್ಯರು ಹೇಳಿದ ಇನ್‌ಹೇಲರ್ ಬಳಸಿ. ಅದಕ್ಕೂ ಬಗ್ಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಾತನಾಡಲಾಗದಿದ್ದರೆ ಅಥವಾ ಎದೆನೋವಿದ್ದರೆ 'ಬರೀ ಹೆದರಿಕೆ' ಎಂದು ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಭಯಕ್ಕಿಂತ ಸದ್ದಿಲ್ಲದೆ ಬರುವುದು ಖಿನ್ನತೆ. ದಮ್ಮು ಬರುತ್ತದೆಂದು ಮೊದಲು ಸಂತೆ ಬಿಡುತ್ತೀರಿ, ಆಮೇಲೆ ಮದುವೆ ಮನೆ, ಕೊನೆಗೆ ಜಗುಲಿಯನ್ನೂ. ನಡಿಗೆ ನಿಂತರೆ ಸ್ನಾಯುಗಳು ಸೊರಗಿ ಸಣ್ಣ ಕೆಲಸಕ್ಕೂ ಏದುಸಿರು ಬರುತ್ತದೆ. ಎರಡು ವಾರಕ್ಕೂ ಮೀರಿ ಬೇಸರ, ನಿದ್ರೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, 'ನಾನು ಮನೆಯವರಿಗೆ ಭಾರ' ಎಂಬ ಭಾವನೆ ಇದ್ದರೆ ವಯಸ್ಸಿನ ಮೇಲೆ ಹಾಕಬೇಡಿ. ಅದಕ್ಕೂ ಚಿಕಿತ್ಸೆಯಿದೆ.

ವೈದ್ಯರ ಸಲಹೆಯಂತೆ ದಿನವೂ ಅಳತೆಯ ನಡಿಗೆ, ವ್ಯಾಯಾಮ ಮಾಡಿದರೆ ಉಸಿರಿಗೂ ಮನಸ್ಸಿಗೂ ಬಲ ಬರುತ್ತದೆ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ನಿದ್ರೆಮಾತ್ರೆಯನ್ನು ಮಾತ್ರ ನೀವಾಗಿ ನುಂಗಬೇಡಿ. ಕೆಲವು ನಿದ್ರೆಮಾತ್ರೆಗಳು ಉಸಿರಾಟವನ್ನೇ ಕುಗ್ಗಿಸಬಲ್ಲವು. ಸಾಲ್ಬುಟಮಾಲ್, ಥಿಯೋಫಿಲಿನ್ ಔಷಧಿಗಳಿಂದಲೂ ಎದೆಬಡಿತ, ಕೈನಡುಕ ಬರಬಹುದು. ಅವನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಬದುಕೇ ಬೇಡ ಎನಿಸಿದರೆ ತಡಮಾಡದೆ ಮನೆಯವರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮನೆಯವರೇ, 'ಧೈರ್ಯವಾಗಿರಿ' ಎಂದು ಹೇಳಿ ಎದ್ದುಹೋಗಬೇಡಿ. ಪಕ್ಕದಲ್ಲಿ ಕುಳಿತು ಅವರೊಂದಿಗೆ ನಿಧಾನವಾಗಿ ಉಸಿರು ಎಣಿಸಿ. ಮುಂದಿನ ಸಲ ವೈದ್ಯರು 'ಕೆಮ್ಮು ಹೇಗಿದೆ?' ಎಂದು ಕೇಳಿದಾಗ, ಮನಸ್ಸು ಹೇಗಿದೆ ಎಂಬುದನ್ನೂ ಹೇಳಿಬನ್ನಿ.